ಲಿಮ್ಮಾಟ್ ದಂಡೆಯ ಹಲಗೆಗಳು: ಜ್ಯೂರಿಕ್ ನಗರದ ಸ್ನಾನಘಟ್ಟಗಳ ಇತಿಹಾಸ

ಜುಲೈ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಸ್ವಿಟ್ಜರ್‌ಲೆಂಡಿನ ಜ್ಯೂರಿಕ್ ನಗರದವರ ದಿನಚರಿ ನೀರಿಗೆ ಹೊಂದಿಕೊಂಡು ಸಾಗುತ್ತದೆ. ಕೆಲಸಕ್ಕೆ ಹೊರಡುವ ಮುನ್ನ ಸರೋವರದಲ್ಲಿ ಈಜುವವರು, ಮಧ್ಯಾಹ್ನದ ಬಿಡುವಿನಲ್ಲಿ ನದಿಗಿಳಿದು ಮತ್ತೆ ಕಚೇರಿಗೆ ಮರಳುವವರು, ಸಂಜೆ ಮರದ ಹಲಗೆಗಳ ಮೇಲೆ ಒದ್ದೆ ಮೈಯಲ್ಲೇ ಕುಳಿತು ಹರಟುವವರು, ಎಲ್ಲ ವರ್ಗಗಳಲ್ಲೂ ಎಲ್ಲ ವಯಸ್ಸಿನಲ್ಲೂ ಇದ್ದಾರೆ. ಈ ಬದುಕಿಗೆ ನೆಲೆಯಾದ ಸಾರ್ವಜನಿಕ ಸ್ನಾನಘಟ್ಟವನ್ನು ಅಲ್ಲಿನ ಆಡುಮಾತಿನಲ್ಲಿ ‘ಬಾಡಿ’ ಎನ್ನುತ್ತಾರೆ. ಸರೋವರ, ನದಿ ಮತ್ತು ಬೆಟ್ಟಗಳ ನಡುವೆ ಇರುವ ಊರಿಗೆ ಇದು ಪ್ರಕೃತಿಯೇ ಕೊಟ್ಟ ಸೌಭಾಗ್ಯವೆಂದು ಹೊರಗಿನವರಿಗೆ ತೋರುವುದು ಸಹಜ. ಆದರೆ ಇದು ಪ್ರಕೃತಿ ಕೊಟ್ಟದ್ದಕ್ಕಿಂತ ಹೆಚ್ಚಾಗಿ ನಗರಾಡಳಿತವೊಂದು ಒಂದೂವರೆ ಶತಮಾನದಲ್ಲಿ ಹಲಗೆಯ ಮೇಲೆ ಹಲಗೆಯಿಟ್ಟು, ಚರಂಡಿಯ ಪಕ್ಕ ಚರಂಡಿ ತೋಡಿ ಕಟ್ಟಿಕೊಂಡದ್ದು.

ಜ್ಯೂರಿಕ್ ಸರೋವರದ ಉತ್ತರ ತುದಿಯಿಂದ ಹೊರಬೀಳುವ ಲಿಮ್ಮಾಟ್ ನದಿ ಹಳೆಯ ಪಟ್ಟಣವನ್ನು ಎರಡು ಭಾಗ ಮಾಡಿ ಹರಿದು, ಸ್ವಲ್ಪ ಕೆಳಗೆ ಸೀಲ್ ಎಂಬ ಬೆಟ್ಟದ ಹೊಳೆಯನ್ನು ಕೂಡಿಕೊಳ್ಳುತ್ತದೆ. ಇಷ್ಟು ನೀರಿದ್ದರೂ ಬಯಲಲ್ಲಿ ಮೈ ತೋರಿಸಿ ಈಜುವುದನ್ನು, ಮತಸುಧಾರಣೆಯ ಶಿಸ್ತಿಗೆ ಒಗ್ಗಿಕೊಂಡಿದ್ದ ಆ ಸಮಾಜ ಬಹುಕಾಲ ಸಹಿಸಲಿಲ್ಲ. 1775ರಲ್ಲಿ ಜರ್ಮನ್ ಕವಿ ಗಯಟೆ ಸ್ಟೋಲ್‌ಬರ್ಗ್ ಸಹೋದರರೊಡನೆ ಇಲ್ಲಿಗೆ ಬಂದಿದ್ದಾಗ, ಸೀಲ್ ಕಣಿವೆಯ ನೀರಿನಲ್ಲಿ ಬೆತ್ತಲೆಯಾಗಿ ಮೀಯುತ್ತಿದ್ದ ತರುಣರ ಮೇಲೆ ಮರೆಯಿಂದ ಕಲ್ಲುಗಳು ಬಿದ್ದವೆಂದು ಅವನ ಆತ್ಮಕಥನದಿಂದ ತಿಳಿಯುತ್ತದೆ. ಆ ಕಲ್ಲುಗಳ ಹಿಂದಿನ ಮನಸ್ಸನ್ನು ಗಮನಿಸದೆ ಮುಂದಿನ ಶತಮಾನದ ಸ್ನಾನಘಟ್ಟಗಳ ವಾಸ್ತುವನ್ನು ಅರ್ಥಮಾಡಿಕೊಳ್ಳಲಾಗದು.

ಏಕೆಂದರೆ ಹತ್ತೊಂಬತ್ತನೆಯ ಶತಮಾನದಲ್ಲಿ ನಗರ ಕಂಡುಕೊಂಡ ಉಪಾಯ ಪೆಟ್ಟಿಗೆಯ ಆಕಾರದ ಸ್ನಾನಘಟ್ಟ. ನದಿಯ ತಳಕ್ಕೆ ನೆಟ್ಟ ಕಂಬಗಳ ಮೇಲೆ ಅಥವಾ ತೇಲುವ ತೆಪ್ಪದ ಮೇಲೆ ನಾಲ್ಕೂ ಕಡೆ ಮರದ ಗೋಡೆ ಎಬ್ಬಿಸಿ, ಒಳಮುಖವಾಗಿ ಬಟ್ಟೆ ಬದಲಿಸುವ ಕೋಣೆಗಳನ್ನು ಸಾಲಾಗಿ ಕಟ್ಟಿ, ನಡುವೆ ಹರಿಯುವ ನೀರನ್ನೇ ಕೊಳವಾಗಿ ಬಳಸುವ ವ್ಯವಸ್ಥೆ ಇದು; ಈಜು ಬಾರದವರು ನಿಂತು ಮೀಯಲೆಂದು ಕೊಳದ ಒಂದು ಭಾಗಕ್ಕೆ ನೀರಿನೊಳಗೇ ಹಲಗೆಯ ನೆಲವನ್ನು ಹಾಸುತ್ತಿದ್ದರು. ಗೋಡೆ ಲೋಕದ ಕಣ್ಣನ್ನು ತಡೆಯುತ್ತಿತ್ತು, ನೆಲ ಮುಳುಗುವ ಭಯವನ್ನು ತಡೆಯುತ್ತಿತ್ತು, ನೀರು ಮಾತ್ರ ತಡೆಯಿಲ್ಲದೆ ಹರಿದು ಬದಲಾಗುತ್ತಿತ್ತು. ಮನೆಯಲ್ಲಿ ಬಚ್ಚಲುಮನೆಯಿಲ್ಲದ ಬಹುಸಂಖ್ಯಾತರಿಗೆ ಇವು ವಿಹಾರಸ್ಥಾನಗಳಾಗಿರದೆ ಮೈ ತೊಳೆಯುವ ಜಾಗಗಳಾಗಿದ್ದವು ಎಂಬುದನ್ನು ಇಂದಿನ ಬಿಸಿಲುಸ್ನಾನದ ಚಿತ್ರ ಮರೆಮಾಡುತ್ತದೆ.

ಲಿಮ್ಮಾಟ್ ಹೊರಡುವಲ್ಲಿರುವ ಬೌಶೆಂಟ್ಸ್‌ಲಿ ಎಂಬ ಹಳೆಯ ಕಾವಲುನೆಲೆಯ ಬಳಿ 1837ರಲ್ಲಿ ಹೆಂಗಸರಿಗಾಗಿ ಸ್ನಾನಗೃಹವೊಂದು ತೆರೆಯಿತು. ಇಂದಿಗೂ ಉಳಿದಿರುವವುಗಳಲ್ಲಿ ಅತ್ಯಂತ ಹಳೆಯದು 1864ರಲ್ಲಿ ಶಾಂಟ್ಸೆನ್‌ಗ್ರಾಬೆನ್‌ನಲ್ಲಿ ಕಟ್ಟಿದ ಗಂಡಸರ ಘಟ್ಟ. ಶಾಂಟ್ಸೆನ್‌ಗ್ರಾಬೆನ್ ಎಂದರೆ ಹದಿನೇಳನೆಯ ಶತಮಾನದ ಕೋಟೆಯ ಕಂದಕ. 1830ರ ದಶಕದಲ್ಲಿ ಉದಾರವಾದಿ ಸರ್ಕಾರ ಕೋಟೆಯನ್ನು ಕೆಡವಲು ತೀರ್ಮಾನಿಸಿದಾಗ ಬಹುಭಾಗ ನೆಲಸಮವಾಗಿ, ಒಂದು ಕೊತ್ತಲ ಮಾತ್ರ ಸಸ್ಯೋದ್ಯಾನವಾಗಿ ಉಳಿಯಿತು. ಅದರ ಬುಡದಲ್ಲಿ, ಶತ್ರುವನ್ನು ತಡೆಯಲೆಂದು ತೋಡಿದ ನೀರಿನಲ್ಲಿಯೇ, ಪಟ್ಟಣಿಗರು ಮೀಯತೊಡಗಿದರು. ಜ್ಯೂರಿಕ್ ತನ್ನ ಕೋಟೆಯ ಬದುಕಿನಿಂದ ಹೊರಬಂದದ್ದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇರೆ ಕಟ್ಟಡದಲ್ಲಿ ಸಿಗುವುದು ಕಷ್ಟ.

ಸ್ನಾನಘಟ್ಟಗಳ ಕಥೆಯನ್ನು ಚರಂಡಿಗಳ ಕಥೆಯಿಂದ ಬೇರ್ಪಡಿಸುವಂತಿಲ್ಲ. 1867ರಲ್ಲಿ ನಗರದಲ್ಲಿ ಕಾಲರಾ ಹಬ್ಬಿದ ಕಾಲದಲ್ಲೇ ನಗರದ ಎಂಜಿನಿಯರ್ ಆರ್ನಾಲ್ಡ್ ಬ್ಯೂರ್ಕ್ಲಿಯ ನೇತೃತ್ವದಲ್ಲಿ ಒಳಚರಂಡಿಯ ಸುಧಾರಣೆ ಆರಂಭವಾಯಿತು. ಮನೆಗಳ ನಡುವಿನ ತೆರೆದ ಮಲದ ಓಣಿಗಳು ಹೋಗಿ, ಗಟ್ಟಿ ಮಲವನ್ನು ಡಬ್ಬಗಳಲ್ಲಿ ಸಂಗ್ರಹಿಸಿ ಸಾಗಿಸುವ, ದ್ರವವನ್ನು ಮಾತ್ರ ಕಾಲುವೆಗೆ ಬಿಡುವ ಪದ್ಧತಿ ಬಂದಿತು. 1884ರ ವಿಷಮಶೀತ ಜ್ವರದ ಹಾವಳಿ ಕುಡಿಯುವ ನೀರಿನ ಶೋಧನೆಯ ಕಡೆಗೂ ಗಮನ ಸೆಳೆಯಿತು. ಅದೇ ಬ್ಯೂರ್ಕ್ಲಿ ಸರೋವರದ ಅಂಚನ್ನು ತುಂಬಿಸಿ ಸಾರ್ವಜನಿಕ ವಿಹಾರಪಥವನ್ನು ರೂಪಿಸಿದನು. 1887ರಲ್ಲಿ ಅದು ಜನರಿಗೆ ತೆರೆದುಕೊಂಡ ಮೇಲೆ, ನೀರಿನ ಅಂಚು ಎಲ್ಲರ ಸ್ವತ್ತೆಂಬ ಭಾವನೆ ನಗರದಲ್ಲಿ ಬೇರೂರಿತು. ಮರುವರ್ಷವೇ, 1888ರಲ್ಲಿ, ಸ್ಟಾಟ್‌ಹೌಸ್‌ಕೇ ದಂಡೆಯಲ್ಲಿ ಮೂಲೆಗಳಿಗೆ ಮಂಟಪಗಳಿರುವ ಹೆಂಗಸರ ಸ್ನಾನಘಟ್ಟ ನಿಂತಿತು. 1890ರಲ್ಲಿ ಊಟೊಕೇ ದಂಡೆಯಲ್ಲಿ ಸರೋವರದ ನೀರಿನ ಮೇಲೆ ವಿಲಿಯಂ ಹೆನ್ರಿ ಮಾರ್ಟಿನ್ ವಿನ್ಯಾಸದ ಮರದ ಸ್ನಾನಮಂದಿರ ಬಂದಿತು. ಸುತ್ತಲಿನ ಹನ್ನೊಂದು ಊರುಗಳು 1893ರಲ್ಲಿ ನಗರಕ್ಕೆ ಸೇರಿದ ಬಳಿಕ ಕಾರ್ಮಿಕರ ಬಡಾವಣೆಗಳ ಬೇಡಿಕೆಯೂ ನಗರಸಭೆಯ ಹೊಣೆಯಾಯಿತು. 1909ರ ಕೆಳ ಲೆಟ್ಟೆನ್ ಘಟ್ಟ ಅಂಥ ಬಡಾವಣೆಗಳ ನಡುವಿನ ನದಿಯಲ್ಲಿದೆ.

ಗಂಡು ಹೆಣ್ಣುಗಳ ನಡುವಿನ ಗೋಡೆ ಸಡಿಲವಾದದ್ದು ಮೊದಲ ಮಹಾಯುದ್ಧದ ನಂತರ. ಲೂಸರ್ನ್ ಸರೋವರದ ದಂಡೆಯ ವೆಗ್ಗಿಸ್‌ನಲ್ಲಿ 1919ರಲ್ಲಿ ಕುಟುಂಬದವರೆಲ್ಲ ಒಟ್ಟಿಗೆ ಈಜಬಹುದಾದ ತೆರೆದ ತೀರಘಟ್ಟ ಬಂದಿತು. ಜ್ಯೂರಿಕ್‌ನಲ್ಲಿ 1922ರಲ್ಲಿ ಮೀಟೆನ್‌ಕೇ ತೀರಘಟ್ಟ ತೆರೆಯಿತು. ಪೆಟ್ಟಿಗೆಯ ಜಾಗದಲ್ಲಿ ಹುಲ್ಲುಹಾಸು, ಮರಳು, ನೆರಳಿನ ಮರಗಳು ಬಂದವು. ಬಿಸಿಲು ಮತ್ತು ಗಾಳಿ ಆರೋಗ್ಯಕ್ಕೆ ಅಗತ್ಯವೆಂಬ ಹೊಸ ತಿಳಿವಳಿಕೆ ಹಳೆಯ ನಾಚಿಕೆಯನ್ನು ಹಿಂದಿಕ್ಕಿತು. ವಾಸ್ತುಶಿಲ್ಪಿಗಳಿಗೂ ಈಜುತಾಣ ಗೌರವದ ಕೆಲಸವಾಯಿತು: ಮುಂದೆ ಕಾದಂಬರಿಕಾರನಾಗಿ, ನಾಟಕಕಾರನಾಗಿ ಪ್ರಸಿದ್ಧನಾದ ಮ್ಯಾಕ್ಸ್ ಫ್ರಿಶ್ 1943ರ ಸ್ಪರ್ಧೆಯಲ್ಲಿ ಗೆದ್ದು, 1947ರಿಂದ 1949ರವರೆಗೆ ಲೆಟ್ಸಿಗ್ರಾಬೆನ್ ಈಜುತಾಣವನ್ನು ಕಟ್ಟಿಸಿದನು, ಮತ್ತು ನಾಟಕಕಾರ ಬ್ರೆಕ್ಟ್ ಅದರ ನಿರ್ಮಾಣಸ್ಥಳವನ್ನು ನೋಡಲು ಬಂದಿದ್ದನು. ಎಲ್ಸಾ ಮತ್ತು ಎರ್ನ್ಸ್ಟ್ ಬುರ್ಕ್‌ಹಾರ್ಟ್ ದಂಪತಿ 1952ರಲ್ಲಿ ಕಟ್ಟಿದ ಮೇಲಣ ಲೆಟ್ಟೆನ್‌ನಲ್ಲಿ, ಜಲವಿದ್ಯುದಾಗಾರದ ಕಾಲುವೆಯೇ ಈಜುಗಾಲುವೆಯಾಯಿತು.

ಆದರೂ ಆ ದಶಕಗಳಲ್ಲಿ ಸ್ವಿಟ್ಜರ್‌ಲೆಂಡಿನ ನದಿಗಳ ಸ್ಥಿತಿ ಶೋಚನೀಯವಾಗಿತ್ತು. ಜ್ಯೂರಿಕ್ 1926ರಲ್ಲೇ ವೆರ್ಡ್‌ಹೋಲ್ಟ್ಸ್‌ಲಿ ಎಂಬಲ್ಲಿ ಕೊಳಚೆನೀರು ಶುದ್ಧೀಕರಣ ಘಟಕವನ್ನು ಆರಂಭಿಸಿತ್ತಾದರೂ, ಇಡೀ ದೇಶದಲ್ಲಿ 1965ರ ವೇಳೆಗೂ ಇಂಥ ಘಟಕಗಳಿಗೆ ಸಂಪರ್ಕವಿದ್ದ ಜನರು ನೂರಕ್ಕೆ ಸುಮಾರು 14 ಮಾತ್ರ. 1953ರಲ್ಲಿ ಮತದಾರರು ಸಂವಿಧಾನಕ್ಕೆ ಜಲರಕ್ಷಣೆಯ ವಿಧಿಯನ್ನು ಸೇರಿಸಿದರು. 1955ರ ಕಾನೂನು, 1971ರಲ್ಲಿ ಅದರ ಬಿಗಿಯಾದ ರೂಪ, 1986ರಲ್ಲಿ ಬಟ್ಟೆ ತೊಳೆಯುವ ಪುಡಿಯಲ್ಲಿ ಫಾಸ್ಫೇಟ್ ನಿಷೇಧ, ಇವೆಲ್ಲ ಸೇರಿ ಆ ಪ್ರಮಾಣವನ್ನು ನೂರಕ್ಕೆ 97ರವರೆಗೆ ಒಯ್ದು ನೀರನ್ನು ತಿಳಿಯಾಗಿಸಿದವು. ಇಂದು ಜ್ಯೂರಿಕ್‌ನ ಕುಡಿಯುವ ನೀರಿನಲ್ಲಿ ನೂರಕ್ಕೆ 70ರಷ್ಟು ಬರುವುದು ಜನ ಈಜುವ ಅದೇ ಸರೋವರದಿಂದ. ಯಾವ ನಗರವೂ ತನ್ನ ಆಡಳಿತದ ಬಗ್ಗೆ ಹೇಳಿಕೊಳ್ಳಬಹುದಾದ ಅತ್ಯಂತ ದೊಡ್ಡ ಮಾತು ಇದು.

ಲೆಟ್ಟೆನ್ ಮತ್ತೊಂದು ಪರೀಕ್ಷೆಯನ್ನೂ ಕಂಡಿತು. 1992ರಲ್ಲಿ ಪ್ಲಾಟ್ಸ್‌ಶ್ಪಿಟ್ಸ್ ಉದ್ಯಾನದಿಂದ ಚದುರಿಸಲ್ಪಟ್ಟ ಮಾದಕವ್ಯಸನಿಗಳು, ರೈಲು ನಿಂತುಹೋಗಿದ್ದ ಲೆಟ್ಟೆನ್ ನಿಲ್ದಾಣದ ಹಳಿಗಳ ಮೇಲೆ ನೆಲೆಸಿದರು. ಹೆರಾಯಿನ್ ಬಯಲಲ್ಲೇ ಮಾರಾಟವಾಗುತ್ತಿತ್ತು. 1995ರ ಫೆಬ್ರವರಿಯಲ್ಲಿ ಆ ಜಾಗವನ್ನು ತೆರವುಗೊಳಿಸಲಾಯಿತು. ದಂಡನೆಯೊಂದನ್ನೇ ನೆಚ್ಚದೆ, ವ್ಯಸನಿಗಳಿಗೆ ವೈದ್ಯರ ಮೇಲ್ವಿಚಾರಣೆಯಲ್ಲಿ ಚಿಕಿತ್ಸೆ ಮತ್ತು ಆಸರೆ ನೀಡುವ ನೀತಿಯನ್ನು ದೇಶ ಕೈಗೊಂಡದ್ದು ಈ ವರ್ಷಗಳಲ್ಲೇ. ಆ ಹಳಿಗಳ ಜಾಗ ಈಗ ಈಜುವವರು ಮೈ ಒಣಗಿಸಿಕೊಳ್ಳುವ ದಂಡೆಯಾಗಿದೆ, ಮತ್ತು ಎರಡೂ ಲೆಟ್ಟೆನ್ ಘಟ್ಟಗಳಿಗೆ ಪ್ರವೇಶಶುಲ್ಕವಿಲ್ಲ.

ಸ್ಟಾಟ್‌ಹೌಸ್‌ಕೇ ಘಟ್ಟ ಹಗಲಿನಲ್ಲಿ ಇಂದಿಗೂ ಹೆಂಗಸರದೇ, ಶಾಂಟ್ಸೆನ್‌ಗ್ರಾಬೆನ್ ಗಂಡಸರದೇ. ನೀತಿಪಾಲಕರು ಹೇರಿದ್ದ ಗೋಡೆಯನ್ನು ಈಗ ಬಳಸುವವರೇ ಬಯಸಿ ಉಳಿಸಿಕೊಂಡಿದ್ದಾರೆ, ಏಕೆಂದರೆ ಪರರ ನೋಟದ ಹಂಗಿಲ್ಲದೆ ಬಿಸಿಲಿನಲ್ಲಿ ಮಲಗುವ ಅವಕಾಶವನ್ನು ಅನೇಕ ಹೆಂಗಸರು ಸ್ವಾತಂತ್ರ್ಯವೆಂದೇ ಎಣಿಸುತ್ತಾರೆ. ಸಂಜೆ ಸ್ನಾನದ ವೇಳೆ ಮುಗಿದ ಮೇಲೆ ಅದೇ ಹಲಗೆಗಳ ಮೇಲೆ ಪಾನಶಾಲೆ ತೆರೆಯುತ್ತದೆ. ಆಗ ಗಂಡಸರಿಗೂ ಪ್ರವೇಶವಿದೆ, ಆದರೆ ಬಂದವರೆಲ್ಲರೂ ಬಾಗಿಲಲ್ಲೇ ಪಾದರಕ್ಷೆ ಕಳಚಿ ಬರಿಗಾಲಲ್ಲಿ ಒಳಹೋಗಬೇಕು.