ಮದರ್‌ಬೋರ್ಡ್‌ನ ಅಂತರ್ಗತ ಧ್ವನಿ ಮತ್ತು ಜಾಲ ಸೌಲಭ್ಯ

ಧ್ವನಿ ಹಾಗೂ ಈಥರ್‌ನೆಟ್ ಚಿಪ್‌ಗಳನ್ನು ಪ್ರತ್ಯೇಕ ಕಾರ್ಡಾಗಿ ಸ್ಲಾಟಿಗೆ ಸಿಕ್ಕಿಸುವ ಬದಲು ಮದರ್‌ಬೋರ್ಡ್ ಮೇಲೆಯೇ ಬೆಸೆದು ಕೊಡುವ ಏರ್ಪಾಡು.

ಮೊದಲ ಐಬಿಎಂ ಪಿಸಿಗಳಲ್ಲಿದ್ದದ್ದು ಬೀಪ್ ಎನ್ನುವ ಪುಟ್ಟ ಸ್ಪೀಕರ್ ಮಾತ್ರ. ಸಂಗೀತ ಬೇಕಿದ್ದವರು 1987ರ ಆಡ್‌ಲಿಬ್ ಅಥವಾ ಸಿಂಗಪುರದ ಕ್ರಿಯೇಟಿವ್ ಕಂಪನಿ 1989ರಲ್ಲಿ ತಂದ ಸೌಂಡ್ ಬ್ಲಾಸ್ಟರ್ ಕಾರ್ಡನ್ನು ಕೊಳ್ಳುತ್ತಿದ್ದರು. 1990ರ ದಶಕದ ಕೊನೆಯಲ್ಲಿ ಇಂಟೆಲ್‌ನ ಎಸಿ 97 ಮಾನದಂಡ ಲೆಕ್ಕಾಚಾರವನ್ನು ಪ್ರೊಸೆಸರಿಗೆ ವಹಿಸಿ, ಅನಲಾಗ್ ಕೆಲಸವನ್ನಷ್ಟೇ ಅಗ್ಗದ ಕೋಡೆಕ್ ಚಿಪ್‌ಗೆ ಬಿಟ್ಟಿತು. ಮೌಸ್ ಸರಿಸಿದರೆ ಹೆಡ್‌ಫೋನಿನಲ್ಲಿ ಗೊರಗೊರ ಕೇಳುತ್ತಿದ್ದ ಬೋರ್ಡುಗಳು ಆ ಕಾಲದವು. 2004ರ ಎಚ್‌ಡಿ ಆಡಿಯೋ ಮಾನದಂಡ ಎಂಟು ಚಾನೆಲ್, 192 ಕಿಲೋಹರ್ಟ್ಸ್‌ವರೆಗೆ ಏರಿತು. ಆದರೂ ಕಾರ್ಡುಗಳಿಗೆ ನಿಜವಾದ ಪೆಟ್ಟು ಕೊಟ್ಟದ್ದು ತಂತ್ರಾಂಶ: 2007ರ ವಿಂಡೋಸ್ ವಿಸ್ಟಾ ತನ್ನ ಧ್ವನಿ ತಂತ್ರಾಂಶವಾದ ಡೈರೆಕ್ಟ್‌ಸೌಂಡ್‌ನ ಯಂತ್ರಾಂಶ ವೇಗವರ್ಧನೆಯನ್ನೇ ಕೈಬಿಟ್ಟಿತು.

ಜಾಲದ ವಿಷಯದಲ್ಲಿ ಅಂತರ್ಗತ ಚಿಪ್ ಒಮ್ಮೆ ಕಾರ್ಡನ್ನೇ ಮೀರಿಸಿತ್ತು. ಸಾಮಾನ್ಯ ಪಿಸಿಐ ಬಸ್ಸಿನ ಗರಿಷ್ಠ ಸಾಮರ್ಥ್ಯ ಸೆಕೆಂಡಿಗೆ 133 ಮೆಗಾಬೈಟ್, ಅದೂ ಎಲ್ಲ ಕಾರ್ಡುಗಳಿಗೆ ಸೇರಿ; ಗಿಗಾಬಿಟ್ ಈಥರ್‌ನೆಟ್ ಒಂದು ದಿಕ್ಕಿಗೇ 125 ಕೇಳುತ್ತದೆ. 2003ರಲ್ಲಿ ಇಂಟೆಲ್‌ನ 875ಪಿ ಚಿಪ್‌ಸೆಟ್ ಬೋರ್ಡಿನ ಗಿಗಾಬಿಟ್ ಚಿಪ್‌ಗೆಂದೇ ಪಿಸಿಐ ಬಿಟ್ಟು ಬೇರೆ ದಾರಿ ಕೊಟ್ಟಿತು. ಪಿಸಿಐ ಎಕ್ಸ್‌ಪ್ರೆಸ್ ಬಂದ ಮೇಲೆ ಈ ಇಕ್ಕಟ್ಟು ತಪ್ಪಿತು.

ಈಗ ಜಾಲ ಕಾರ್ಡುಗಳು ಹೆಚ್ಚಾಗಿ 10 ಗಿಗಾಬಿಟ್ ಮತ್ತು ಅದಕ್ಕೂ ವೇಗದ ಸರ್ವರ್‌ಗಳಿಗೆ. ರೆಕಾರ್ಡಿಂಗ್ ಮಾಡುವವರು ಕ್ಯಾಬಿನೆಟ್ಟಿನೊಳಗಿನ ವಿದ್ಯುತ್ ಗದ್ದಲದಿಂದ ದೂರವಿರುವ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ ಬಳಸುತ್ತಾರೆ. ಸಿಡಿಲಿಗೆ ಬೋರ್ಡಿನ ಲ್ಯಾನ್ ಪೋರ್ಟ್ ಮಾತ್ರ ಸುಟ್ಟಿದ್ದರೆ ಅಗ್ಗದ ಕಾರ್ಡೊಂದು ಇಡೀ ಬೋರ್ಡ್ ಬದಲಿಸುವ ಖರ್ಚನ್ನು ಉಳಿಸುತ್ತದೆ.