ಕಣಕಿ
ಜೋಳದ ತೆನೆ ಮುರಿದ ಬಳಿಕ ಉಳಿಯುವ ಒಣ ದಂಟು ಮತ್ತು ರವದಿ (ಒಣ ಎಲೆ). ಯಾದಗಿರಿ, ಶಹಾಪುರ, ಸುರಪುರ ಭಾಗದ ದನಗಳ ಮುಖ್ಯ ಒಣಮೇವು. ಎರೆಭೂಮಿಯಲ್ಲಿ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಬಿತ್ತುವ ಹಿಂಗಾರಿ ಜೋಳದ, ಅದರಲ್ಲೂ ಮಾಲದಂಡಿ (ಎಂ 35-1) ತಳಿಯ ಕಣಕಿಗೆ ಬೇಡಿಕೆ ಹೆಚ್ಚು. ಸಿವುಡು ಕಟ್ಟಿ ಬಣವಿ ಒಟ್ಟುತ್ತಾರೆ. ಮಳೆನೀರು ಇಳಿದರೆ ಬೂಸು ಹಿಡಿಯುತ್ತದೆ. ಇಡಿಯಾಗಿ ಹಾಕಿದರೆ ದಪ್ಪ ಬುಡ ಗೋದಲಿಯಲ್ಲೇ ಉಳಿಯುವುದರಿಂದ ಕತ್ತರಿಸಿ ಕೊಡುವುದು ಲೇಸು. ಕಣಕಿಯಲ್ಲಿ ಸಸಾರಜನಕ ಕಡಿಮೆ ಇರುವುದರಿಂದ ತೊಗರಿ ಹೊಟ್ಟು, ಹಿಂಡಿ, ಖನಿಜ ಮಿಶ್ರಣ ಜೊತೆಗೆ ಬೇಕು. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬಂದಮೇಲೆ ಶಹಾಪುರ, ಸುರಪುರಗಳಲ್ಲಿ ಭತ್ತದ ಹುಲ್ಲೂ ಮೇವಾಯಿತು. ಪೋಷಣೆಯಲ್ಲಿ ಅದು ಕಣಕಿಗೆ ಸಮವಲ್ಲ. 100 ಕಿಲೊ ಹುಲ್ಲಿಗೆ 4 ಕಿಲೊ ಯೂರಿಯಾ ನೀರಿನಲ್ಲಿ ಕರಗಿಸಿ ಚಿಮುಕಿಸಿ, 21 ದಿನ ಗಾಳಿಯಾಡದಂತೆ ಮುಚ್ಚಿಟ್ಟರೆ ಸತ್ವ ಹೆಚ್ಚುತ್ತದೆ. ಎಳೆಯ ಅಥವಾ ನೀರಿಲ್ಲದೆ ಬಾಡಿದ ಹಸಿ ಜೋಳ ಮೇಯ್ದ ದನ ಸೈನೈಡ್ ವಿಷದಿಂದ ಸಾಯಬಹುದು. ಚೆನ್ನಾಗಿ ಒಣಗಿದ ಕಣಕಿಯಲ್ಲಿ ಈ ಅಪಾಯ ತೀರ ಕಡಿಮೆ.