ಗಳಿಕೆಯ ಗೆರೆ: ಮಂಡ್ಯ ಸೀಮೆಯ ಕೂಲಿ ಕುಟುಂಬಗಳು ಮತ್ತು ಬಿಪಿಎಲ್ ಆದಾಯ ಮಿತಿ

ಗ್ಯಾರಂಟಿ ಯೋಜನೆಗಳ ಚರ್ಚೆ ಕರ್ನಾಟಕದಲ್ಲಿ ಬಹುಮಟ್ಟಿಗೆ ಎರಡು ಪ್ರಶ್ನೆಗಳ ಸುತ್ತಲೇ ಸುತ್ತುತ್ತಿದೆ: ಖಜಾನೆ ತಾಳುತ್ತದೆಯೇ, ಜನ ಸೋಮಾರಿಗಳಾಗುತ್ತಾರೆಯೇ. ಕೂಲಿ ಮಾಡಿ ಬದುಕುವ ಕುಟುಂಬಕ್ಕೆ ಇವೆರಡಕ್ಕಿಂತ ಹತ್ತಿರದ ಪ್ರಶ್ನೆ ಇನ್ನೊಂದಿದೆ. ಮನೆಯ ಗಳಿಕೆ ತುಸು ಏರಿದಾಗ ಸವಲತ್ತು ಉಳಿಯುತ್ತದೆಯೇ, ಕರಗುತ್ತದೆಯೇ, ಒಮ್ಮೆಲೇ ಕಳಚಿ ಬೀಳುತ್ತದೆಯೇ? ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳಲ್ಲಿ ಈ ಪ್ರಶ್ನೆ ಮೊನಚಾಗಿದೆ. ವಿಶ್ವೇಶ್ವರಯ್ಯ ನಾಲೆಯ ನೀರು ಕೊನೆಯ ಭಾಗಕ್ಕೆ ಬರುವುದು ತಡ, ಬಂದರೂ ಕಡಿಮೆ. ಆ ಕೊನೆ ಇರುವುದು ಮದ್ದೂರು, ಮಳವಳ್ಳಿಗಳಲ್ಲೇ. ಹಾಗಾಗಿ ಗದ್ದೆ ಕೂಲಿ, ಕಬ್ಬು ಕಡಿತ, ರೇಷ್ಮೆ, ಮದ್ದೂರಿನ ಗಾರ್ಮೆಂಟ್ಸ್, ಬೆಂಗಳೂರು ಕಡೆಯ ಕೆಲಸ, ಇವಿಷ್ಟನ್ನೂ ಒಂದೇ ಮನೆ ಒಂದೇ ವರ್ಷದಲ್ಲಿ ನೆಚ್ಚಿಕೊಳ್ಳುವುದು ಇಲ್ಲಿ ವಿಶೇಷವೇನಲ್ಲ.

ರಾಜ್ಯದಲ್ಲಿ ಬಿಪಿಎಲ್ ಕಾರ್ಡಿಗೆ ಕುಟುಂಬದ ವಾರ್ಷಿಕ ಆದಾಯ 1.20 ಲಕ್ಷ ರೂಪಾಯಿ ಮೀರಬಾರದು. ಗ್ಯಾರಂಟಿಗಳಿಗಿಂತ ಹಳೆಯ ಮಿತಿ ಇದು. ಇದನ್ನು ಸರ್ಕಾರದ್ದೇ ಇನ್ನೊಂದು ಅಳತೆಗೋಲಿನ ಪಕ್ಕ ಇಟ್ಟು ನೋಡಬಹುದು. ಉದ್ಯೋಗ ಖಾತರಿ ಕೆಲಸಕ್ಕೆ ಕರ್ನಾಟಕದಲ್ಲಿ 2023-24ರಲ್ಲಿ ದಿನಗೂಲಿ 316 ರೂಪಾಯಿ ಇತ್ತು. ಆ ದರದಲ್ಲಿ ಒಬ್ಬ ವರ್ಷದ 365 ದಿನವೂ ದುಡಿದರೆ ಸಿಗುವುದು 1,15,340 ರೂಪಾಯಿ, ಅಂದರೆ ಮಿತಿಯ ಒಳಗೆ. 2025-26ರಲ್ಲಿ ದರ 370 ರೂಪಾಯಿಗೆ ಬಂತು. ಆ ದರದಲ್ಲಿ 325 ದಿನಕ್ಕೇ 1,20,250 ರೂಪಾಯಿ, ಮಿತಿಯ ಹೊರಗೆ. ಆ ಯೋಜನೆಯಲ್ಲಿ ಯಾರಿಗೂ ಅಷ್ಟು ದಿನ ಕೆಲಸ ಸಿಗುವುದಿಲ್ಲ ಎಂಬುದು ನಿಜ. ಇಲ್ಲಿ ಆ ದರವನ್ನು ಬಳಸಿರುವುದು ಅಳತೆಗಾಗಿ ಮಾತ್ರ. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಗೆ ತಲಾ 163 ದಿನ ಸಾಕು. ಕೂಲಿ ಏರಿದ್ದು ಬೆಲೆ ಏರಿದ್ದಕ್ಕೆ, ಕನಿಷ್ಠ ವೇತನದ ತುಟ್ಟಿಭತ್ಯೆ ಪ್ರತಿ ಏಪ್ರಿಲ್‌ನಲ್ಲಿ ಬದಲಾಗುವುದೂ ಅದಕ್ಕೇ. ಗೆರೆ ಮಾತ್ರ ಕದಲಿಲ್ಲ. ಯಾರೂ ಸಿರಿವಂತರಾಗದೆಯೇ ಎಷ್ಟೋ ಮನೆಗಳು ಕಾಗದದ ಮೇಲೆ ಬಡತನದಿಂದ ಹೊರಗೆ ಬಿದ್ದದ್ದು ಹೀಗೆ.

ಹೊರಗೆ ಬಿದ್ದರೆ ಆಗುವ ನಷ್ಟವನ್ನೂ ಲೆಕ್ಕ ಹಾಕಬಹುದು. 2023ರ ಜುಲೈಯಿಂದ ಅನ್ನಭಾಗ್ಯದ ಹೆಚ್ಚುವರಿ 5 ಕೆ.ಜಿ. ಅಕ್ಕಿಯ ಬದಲಿಗೆ ಸರ್ಕಾರ ಕೆ.ಜಿ.ಗೆ 34 ರೂಪಾಯಿಯಂತೆ ಹಣ ಹಾಕುತ್ತಿತ್ತು. 2025ರ ಫೆಬ್ರವರಿಯಿಂದ ಮತ್ತೆ ಅಕ್ಕಿಯನ್ನೇ ಕೊಟ್ಟಿತು. ಅದೇ ಬೆಲೆ ಹಿಡಿದರೆ, ಮೂಲ ಪಾಲೂ ಸೇರಿ ನಾಲ್ವರ ಮನೆಯ 40 ಕೆ.ಜಿ. ಅಕ್ಕಿಗೆ ತಿಂಗಳಿಗೆ 1,360, ವರ್ಷಕ್ಕೆ 16,320 ರೂಪಾಯಿ. ಗಳಿಕೆ ಮಿತಿಯನ್ನು ಒಂದು ರೂಪಾಯಿ ದಾಟಿದರೂ ಇಷ್ಟೂ ಹೋಗಬೇಕು. ಆಸ್ಪತ್ರೆಯ ವಿಷಯ ಇನ್ನೂ ಕಠಿಣ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಉಚಿತ ಚಿಕಿತ್ಸೆ. ಎಪಿಎಲ್ ಆದರೆ ಸರ್ಕಾರ ಭರಿಸುವುದು ಪ್ಯಾಕೇಜ್ ದರದ ಶೇ 30ರಷ್ಟನ್ನು, ಅದೂ 1.5 ಲಕ್ಷದ ಮಿತಿಯಲ್ಲಿ. ಗಾರ್ಮೆಂಟ್ಸ್‌ನವರಿಗೆ ಇಎಸ್ಐ ಇದೆ, ಕಬ್ಬು ಕಡಿಯುವವನಿಗೆ ಅದೂ ಇಲ್ಲ.

ಗೃಹಲಕ್ಷ್ಮಿ ಇದಕ್ಕೆ ತದ್ವಿರುದ್ಧವಾಗಿ ನಡೆಯುತ್ತದೆ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ಪಡೆದ ಈ ಯೋಜನೆ ಅಂತ್ಯೋದಯ, ಬಿಪಿಎಲ್, ಎಪಿಎಲ್ ಮೂರೂ ಕಾರ್ಡಿನ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಕೊಡುತ್ತದೆ. ಆಕೆ ಅಥವಾ ಪತಿ ಆದಾಯ ತೆರಿಗೆ, ಜಿಎಸ್‌ಟಿ ಲೆಕ್ಕದಲ್ಲಿದ್ದರೆ ಮಾತ್ರ ಇಲ್ಲ. ಕೂಲಿ ಏರಿತೆಂದು ಅದು ಕಡಿಮೆಯಾಗುವುದಿಲ್ಲ. ಸೋಮಾರಿತನದ ಆಕ್ಷೇಪ ನಿಲ್ಲದಿರುವುದು ಇಲ್ಲಿಯೇ: ಹೆಚ್ಚು ದುಡಿದರೂ ಕಳೆದುಕೊಳ್ಳಲಾಗದ ಹಣ ದುಡಿಮೆಯನ್ನು ತಡೆಯಲಾರದು. 2023ರ ಜೂನ್ 11ರಂದು ಆರಂಭವಾದ, ಹೆಂಗಸರಿಗೆ ಉಚಿತ ಬಸ್ ಪ್ರಯಾಣದ ‘ಶಕ್ತಿ’ಯಂತೂ ಕೆಲಸಕ್ಕೆ ಹೋಗುವ ಖರ್ಚನ್ನೇ ಇಳಿಸಿತು. ರೈಲಿಲ್ಲದ ಮಳವಳ್ಳಿಯ ಹೆಂಗಸಿಗೆ ಇದರ ಬೆಲೆ ರೈಲು ಹಾದಿಯಲ್ಲಿರುವ ಮದ್ದೂರಿನವಳಿಗಿಂತ ಹೆಚ್ಚು. ದುಡಿಮೆಗೆ ಹಿಂಜರಿಕೆ ಹುಟ್ಟಿಸುವ ಗುಣ ಯಾವುದಕ್ಕಾದರೂ ಇದ್ದರೆ ಅದು ‘ಬಿಟ್ಟಿ ಭಾಗ್ಯ’ವೆಂದು ಮೂದಲಿಸಲಾಗುವ ಈ ಎರಡಕ್ಕಲ್ಲ, ಶಿಸ್ತಿನ ಹೆಸರಿನಲ್ಲಿ ಕಾಯ್ದುಕೊಂಡಿರುವ ಆದಾಯ ಮಿತಿಗೆ. ಅದೂ ಎಲ್ಲ ದುಡಿಮೆಗೂ ಸಮನಾಗಿ ತಟ್ಟುವುದಿಲ್ಲ. ಕಬ್ಬಿನ ಗದ್ದೆಯ ಕೂಲಿ ಕೈಯಿಂದ ಕೈಗೆ ಹೋಗುತ್ತದೆ, ಗುರುತು ಉಳಿಯುವುದಿಲ್ಲ. ಗಾರ್ಮೆಂಟ್ಸ್ ಸಂಬಳ ಬ್ಯಾಂಕಿಗೆ ಬರುತ್ತದೆ, ಪಿಎಫ್ ಕಡಿತವಾಗುತ್ತದೆ. ದಾಖಲೆಯಿರುವ ಕೆಲಸಕ್ಕೆ ಸೇರಿದವಳೇ ಮೊದಲು ಕಣ್ಣಿಗೆ ಬೀಳುತ್ತಾಳೆ.

ಅನರ್ಹರನ್ನು ತೆಗೆಯದಿದ್ದರೆ ಅರ್ಹರಿಗೆ ಜಾಗವೆಲ್ಲಿ ಎಂಬ ಆಕ್ಷೇಪ ಸೋಮಾರಿತನದ ಆಕ್ಷೇಪಕ್ಕಿಂತ ಗಟ್ಟಿಯಾದದ್ದು. 2013ರ ಆಹಾರ ಭದ್ರತಾ ಕಾಯ್ದೆಯಡಿ ಕರ್ನಾಟಕದ ಗ್ರಾಮೀಣ ಜನಸಂಖ್ಯೆಯ ಶೇ 76.04, ನಗರದ ಶೇ 49.36 ಮಂದಿಗೆ ಮಾತ್ರ ಕೇಂದ್ರದ ಧಾನ್ಯ. ಆ ಲೆಕ್ಕವೂ 2011ರ ಜನಗಣತಿಯದು. ಗ್ಯಾರಂಟಿಗಳಿಗೆ ವರ್ಷಕ್ಕೆ 50 ಸಾವಿರ ಕೋಟಿಗೂ ಮೀರಿ ತೆಗೆದಿಡುವ ರಾಜ್ಯ ಸೋರಿಕೆ ತಡೆಯಲೇಬೇಕು, ಒಪ್ಪತಕ್ಕ ಮಾತು. ಆದರೆ 2024ರ ನವೆಂಬರಿನ ಪರಿಷ್ಕರಣೆ ಏನನ್ನು ತೋರಿಸಿತು? ಕಾರ್ಡುಗಳು ಎಪಿಎಲ್‌ಗೆ ಹೋಗಿ ಗದ್ದಲವೆದ್ದ ಮೇಲೆ, ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಪಾವತಿದಾರರನ್ನು ಬಿಟ್ಟು ಉಳಿದವರಿಗೆ ಬಿಪಿಎಲ್ ಕಾರ್ಡು ಮರಳಿಸಲು ಸರ್ಕಾರವೇ ಮುಂದಾಯಿತು. ಅಂದರೆ ಸಮರ್ಥಿಸಿಕೊಳ್ಳಬಲ್ಲ ಗೆರೆ ತೆರಿಗೆಯದು, 1.20 ಲಕ್ಷದ್ದಲ್ಲ ಎಂದು ಆಡಳಿತವೇ ಒಪ್ಪಿಕೊಂಡಂತಾಯಿತು. ನಿಯಮ ಪುಸ್ತಕದಲ್ಲಿ ಮಿತಿ ಹಾಗೇ ಉಳಿದಿದೆ. ಮುಂದಿನ ಶೋಧ ನಡೆದಾಗ ಮತ್ತೆ ಅದೇ ಕತ್ತಿ. ಬೇರೆ ದಾರಿಯೂ ಇದೆ: ಬ್ರಿಟನ್ನಿನ ಕಲ್ಯಾಣ ಯೋಜನೆಯಾದ ಯೂನಿವರ್ಸಲ್ ಕ್ರೆಡಿಟ್‌ನಲ್ಲಿ ದುಡಿದ ಪ್ರತಿ ಪೌಂಡಿಗೆ ಕಡಿತವಾಗುತ್ತಿದ್ದ ನೆರವನ್ನು 2021ರಲ್ಲಿ 63 ಪೆನ್ಸ್‌ನಿಂದ 55ಕ್ಕೆ ಇಳಿಸಿದರು. ಅಲ್ಲಿಯೂ ಟೀಕೆಗಳಿವೆ, ಆದರೆ ಇಳಿಜಾರಾದರೂ ಇದೆ. ನಮ್ಮಲ್ಲಿ ತಿಂಗಳ ಸಂಬಳ ನಿಖರವಾಗಿ ಗೊತ್ತಿಲ್ಲದ ಕೂಲಿಗಳಿಗೆ ಅಂಥ ಲೆಕ್ಕ ಹಾಕಲಾಗದು. ಮಿತಿಯನ್ನು ಕನಿಷ್ಠ ವೇತನಕ್ಕೆ ಜೋಡಿಸುವುದು, ದಾಟಿದ ಮೇಲೂ ಎರಡು ವರ್ಷ ಅಕ್ಕಿ ಮತ್ತು ಚಿಕಿತ್ಸೆ ಉಳಿಸುವುದು, ಇಷ್ಟು ಮಾಡಲಾಗದ್ದೇನಲ್ಲ.

ಗೃಹಲಕ್ಷ್ಮಿಯೂ ನಿರ್ದೋಷಿಯಲ್ಲ. ಅದರ ಕಂತು ತಪ್ಪಿದ ತಿಂಗಳುಗಳ ಬಗ್ಗೆ ವಿಧಾನಮಂಡಲದಲ್ಲೇ ಚರ್ಚೆಯಾಗಿದೆ. ಆ ಹಣ ತಡವಾದರೂ ಮೈಕ್ರೋಫೈನಾನ್ಸ್ ಸಾಲದ ವಾರದ ಕಂತು ಕಾಯುವುದಿಲ್ಲ. ಆ ವಸೂಲಿಯ ಕಾಟಕ್ಕೆ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯೇ ಬೇಕಾಯಿತು. ಇನ್ನೊಂದು ತೊಡಕು ಮನೆಯೊಳಗಿನದು. ಕಾರ್ಡಿನ ಯಜಮಾನಿ ಅತ್ತೆಯಾದರೆ 2,000 ರೂಪಾಯಿ ಅತ್ತೆಯ ಖಾತೆಗೆ ಬರುತ್ತದೆ, ಸೊಸೆಯ ಗಾರ್ಮೆಂಟ್ಸ್ ಸಂಬಳ ಕುಟುಂಬದ ಆದಾಯಕ್ಕೆ ಸೇರಿ ಎಲ್ಲರ ಅಕ್ಕಿಗೂ ಸಂಚಕಾರ ತರುತ್ತದೆ. ಕಾರ್ಡು ಬೇರೆ ಮಾಡಿಸಿಕೊಂಡರೆ ಅತ್ತೆಗೂ ಹಣ, ಸೊಸೆಗೂ ಹಣ, ಅತ್ತೆಯ ಕಾರ್ಡಿನ ಅಕ್ಕಿಗೂ ಕುತ್ತಿಲ್ಲ. ಒಲೆ ಒಂದೇ ಇದ್ದರೂ ಕಾರ್ಡು ಎರಡಾಗುವುದನ್ನು ವಂಚನೆ ಎಂದು ಬರೆದುಕೊಳ್ಳುವ ಮೊದಲು, ಕುಟುಂಬ ಎಂಬ ಪದಕ್ಕೆ ಇಲಾಖೆ ಕೊಟ್ಟಿರುವ ಅರ್ಥವನ್ನೇ ಮತ್ತೆ ಓದಬೇಕಾಗುತ್ತದೆ.